ಯಾರೂ ಇಲ್ಲ, ಹೇಳೇ

ಆಲ್ದೂರು
22 ಫೆಬ್ರವರಿ 2004

ರಕ್ಷಾ,

ಎಸ್‌ಟಿಡಿ ಬೂತಿನ ಮನೆಯ ಹುಡುಗಿ ಕಾಗದ ಬರೆಯುತ್ತಿದ್ದಾಳೆಂದು ನೀನು ನಗಬಹುದು. ಫೋನ್ ಮಾಡುವ ಮನಸ್ಸಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಿನ್ನ ಅತ್ತೆಯ ತಂಗಿ ಸಾವಿತ್ರಮ್ಮನವರು ಹೇಳಿಕಳಿಸಿದರು. ಅವರ ಮಗ ಮೋಹಿತ್‌ಗೂ ನನಗೂ ನಡೆದಿದ್ದ ಮಾತುಕತೆ ಇಲ್ಲಿಗೇ ಸಾಕಂತೆ. ಅಪ್ಪ ಕಾರಣ ಕೇಳಿದ್ದಕ್ಕೆ ಬಂದವರು ಅಂಗಡಿಯ ತುಂಬ ಗಿರಾಕಿಗಳಿರುವಾಗಲೇ, "ಹುಡ್ಗಿಗೆ ಫಿಟ್ಸ್ ಬರ್ತದಂತಲ್ಲ ಚನ್ನಕೇಶವಣ್ಣ, ಮುಚ್ಚಿಟ್ಟು ದಾಟಿಸೋಣ ಅಂತಿದ್ರಾ?" ಎಂದರು. ಅಪ್ಪ ತೂಗುತ್ತಿದ್ದ ಸಕ್ಕರೆಯನ್ನು ಹಾಗೇ ತಕ್ಕಡಿಯಲ್ಲಿ ಬಿಟ್ಟು ಒಳಗೆ ಬಂದುಬಿಟ್ಟರು.

ನನ್ನ ಕಾಯಿಲೆ ನಮ್ಮ ಮನೆಯವರನ್ನೂ ಡಾಕ್ಟರನ್ನೂ ಬಿಟ್ಟರೆ ನಿನಗೊಬ್ಬಳಿಗೆ ಗೊತ್ತು. ಪಿಯುಸಿ ಓದುವಾಗ ಜಾವಳಿಯಲ್ಲಿ ನಿಮ್ಮ ತವರಿನ ಹಿತ್ತಲಲ್ಲಿ ಬಿದ್ದಾಗ ನನ್ನ ತಲೆ ಹಿಡಿದುಕೊಂಡು ಕೂತವಳು ನೀನು. ಮೋಹಿತ್‌ನ ಸಂಬಂಧ ತಂದವಳೂ ನೀನೇ. ಅದಕ್ಕೇ ಹೋದ ವಾರ ನಿನಗೆ ಫೋನ್ ಮಾಡಿದ್ದು. ನಿಶ್ಚಯಕ್ಕೆ ಮೊದಲು ಅವನಿಗೆ ನಾನೇ ಎಲ್ಲವನ್ನೂ ಹೇಳಿಬಿಡಬೇಕು, ಹೇಗೆ ಹೇಳಲಿ ಎಂದು ಕೇಳಲು. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದೇನೆ, ವರ್ಷಗಳಿಂದ ಒಂದು ಸಲವೂ ಬಂದಿಲ್ಲ ಎಂದೂ ಹೇಳಿದೆ. ನಿನ್ನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಹಿಂದೆ ಯಾರೋ ತಟ್ಟೆ ಸರಿಸಿದ ಸದ್ದು ಕೇಳಿಸಿತು.

ಅವತ್ತು ಸಾವಿತ್ರಮ್ಮನವರು ನಿಮ್ಮಲ್ಲಿಗೆ ಊಟಕ್ಕೆ ಬಂದಿದ್ದರಂತೆ. ನೀನು ಸ್ಪೀಕರ್ ಹಾಕಿದ್ದೆಯಾ?

ಉತ್ತರ ಬರಿ.

ಸೌಂದರ್ಯ

*

ವಸ್ತಾರೆ
9 ಮಾರ್ಚ್ 2004

ಪ್ರೀತಿಯ ಸೌಂದು,

ನಿನ್ನ ಕಾಗದ ಓದಿ ಅಳು ಬಂತು. ಸಾವಿತ್ರಮ್ಮ ಚಿಕ್ಕಮ್ಮ ಇಷ್ಟು ಅವಸರ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ, ದೇವರಾಣೆ.

ನಮ್ಮನೆ ಕಥೆ ನಿನಗೆ ಹೇಳಿರಲಿಲ್ಲ ಅಲ್ಲವಾ? ಲ್ಯಾಂಡ್‌ಲೈನ್ ಮಳೆಗಾಲದಲ್ಲಿ ಸತ್ತದ್ದು ಇನ್ನೂ ಎದ್ದಿಲ್ಲ. ಇವರು ಮೊಬೈಲ್ ತಂದರು. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಊಟದ ಮನೆಯ ಕಿಟಕಿಯಲ್ಲಿ ಮಾತ್ರ. ಕೈಗೆತ್ತಿಕೊಂಡು ಎರಡು ಹೆಜ್ಜೆ ಸರಿದರೆ ಕಟ್ಟಾಗುತ್ತದೆ. ಹಾಗಾಗಿ ಕಿಟಕಿಕಟ್ಟೆಯ ಮೇಲೇ ಇಟ್ಟು, ಸ್ಪೀಕರ್ ಹಾಕಿ ಮಾತಾಡುವುದು. ಎಲ್ಲರೂ ಹಾಗೇ ಮಾಡುತ್ತಾರೆ. ತೋಟದ ಲೆಕ್ಕ ನೋಡುವ ರೈಟರು ಕಾಫಿ ರೇಟು ಹೇಳಿದರೂ ಮನೆಗೆಲ್ಲ ಕೇಳುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ ಮಾರಾಯ್ತಿ.

ಮತ್ತೆ, ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಹೇಗಿದ್ದರೂ ಒಂದು ದಿನ ಗೊತ್ತಾಗುವ ವಿಷಯವೇ. ತಾಳಿ ಬಿದ್ದ ಮೇಲೆ ಗೊತ್ತಾಗಿದ್ದರೆ ಎಷ್ಟು ರಂಪವಾಗುತ್ತಿತ್ತು ಯೋಚನೆ ಮಾಡು. ನಿನ್ನ ಹಣೆಯಲ್ಲಿ ಇನ್ನೂ ಒಳ್ಳೆಯ ಹುಡುಗ ಬರೆದಿರಬಹುದು.

ಇಲ್ಲಿ ಹೂಮಳೆಗೆ ಕಾಯುತ್ತಿದ್ದೇವೆ. ಬಂದರೆ ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗುತ್ತದೆ, ಆಗ ಬಾ. ಎಸ್ಸೆಮ್ಮೆಸ್ ಮಾತ್ರ ಕಳಿಸಬೇಡ, ಬಂದದ್ದನ್ನೆಲ್ಲ ಇವರೇ ಮೊದಲು ಓದುತ್ತಾರೆ.

ನಿನ್ನ
ರಕ್ಷಾ

*

ಆಲ್ದೂರು
15 ಮಾರ್ಚ್ 2004

ರಕ್ಷಾ,

ಕಿಟಕಿ ಅರ್ಥವಾಯಿತು, ಸಿಗ್ನಲ್ ಅರ್ಥವಾಯಿತು.

ನಮ್ಮ ಬೂತಿಗೆ ಬರುವವರಿಗೆ ಗಾಜಿನ ಬಾಗಿಲಿದೆ. ಒಳಗೆ ಹೋದವರು ಬಾಗಿಲು ಎಳೆದುಕೊಂಡರೆ ಹೊರಗೆ ಕಾಯುವವರು ರಸ್ತೆ ಕಡೆಗೆ ತಿರುಗುತ್ತಾರೆ. ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ನಿಮ್ಮ ಊಟದ ಮನೆಗೆ ಬಾಗಿಲಿಲ್ಲ, ಅದು ನಿನ್ನ ತಪ್ಪಲ್ಲ.

ಆದರೆ ಮಾತು ಶುರು ಮಾಡುವ ಮೊದಲು ನಾನು "ಹತ್ರ ಯಾರಾದ್ರೂ ಇದಾರಾ?" ಎಂದು ಕೇಳಿದ್ದೆ. ನೀನು, "ಯಾರೂ ಇಲ್ಲ, ಹೇಳೇ" ಎಂದೆ.

ಅದಕ್ಕೆ ನಿನ್ನ ಕಾಗದದಲ್ಲಿ ಉತ್ತರವಿಲ್ಲ.

ಸೌಂದರ್ಯ

*

ವಸ್ತಾರೆ
30 ಜೂನ್ 2004

ಸೌಂದು,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಯಾರಾದರೂ ಕರೆಯುತ್ತಿದ್ದರು ಎಂದರೆ ನೀನು ನಂಬುವುದಿಲ್ಲ.

ಈ ಮನೆಯಲ್ಲಿ ಸ್ಪೀಕರ್ ಹಾಕುವುದು ಸಿಗ್ನಲ್ಲಿಗೆ ಮಾತ್ರವಲ್ಲ. ನನ್ನ ಅತ್ತೆ ವಿಮಲಮ್ಮನವರ ನಿಯಮ ಅದು. "ನಮ್ಮನೇಲಿ ಗುಟ್ಟು ಮಾತಾಡೋ ಅಭ್ಯಾಸ ಯಾರಿಗೂ ಇಲ್ಲ" ಎಂದು ನಾನು ಬಂದ ಹೊಸದರಲ್ಲೇ ಹೇಳಿದ್ದರು. ಅಮ್ಮ ಜಾವಳಿಯಿಂದ ಫೋನ್ ಮಾಡಿದರೂ ಹಾಗೇ. ಅಮ್ಮನಿಗೆ ಅದು ತಿಳಿಯದು. ಒಂದು ಸಲ, "ಹೊಟ್ಟೇಲಿ ಏನಾದ್ರೂ ನಿಂತಿದ್ಯೇನೆ?" ಎಂದು ಕೇಳಿಬಿಟ್ಟಳು. ಎಲ್ಲರೂ ಸಾರು ಕಲಸುವುದು ನಿಲ್ಲಿಸಿ ನನ್ನ ಉತ್ತರಕ್ಕೆ ಕಾದರು. ನಾನು "ಇಲ್ಲಮ್ಮ" ಎಂದೆ. ಅತ್ತೆ, "ನಾವೂ ಅದನ್ನೇ ಕೇಳ್ತಿದೀವಿ ತಿಮ್ಮಮ್ಮೋರೆ" ಎಂದು ಮೊಬೈಲಿನ ಕಡೆ ಬಾಗಿ ಹೇಳಿದರು. ಅಮ್ಮ ಆಮೇಲೆ ಹೆಚ್ಚು ಫೋನ್ ಮಾಡುವುದಿಲ್ಲ.

ಒಂದು ವಿಚಿತ್ರ ಕೇಳು. ಕಾಗದಗಳನ್ನು ಮಾತ್ರ ಇಲ್ಲಿ ಯಾರೂ ಒಡೆಯುವುದಿಲ್ಲ. ನಿನ್ನ ಕಾಗದ ಬಂದ ದಿನ ಇವರು ಕುತೂಹಲಕ್ಕೆ ಕೈಗೆತ್ತಿಕೊಂಡರೆ ಅತ್ತೆ ಬೈದರು. "ಇನ್ನೊಬ್ಬರ ಕಾಗದ ಓದೋದು ಮರ್ಯಾದಸ್ಥರು ಮಾಡೋ ಕೆಲ್ಸ ಅಲ್ಲ, ರಂಗನಾಥ. ನಿಮ್ಮಜ್ಜ ಇದ್ದಿದ್ರೆ ಬೆರಳು ಮುರೀತಿದ್ರು." ಹಾಗಾಗಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ನಿನ್ನ ಪ್ರಶ್ನೆಗೆ. ಅವತ್ತು ಊಟಕ್ಕೆ ಕೂತವರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ಯಾವ ದೇವರಿಗೆ ಹರಕೆ ಹೊತ್ತರೆ ಆದೀತು, ಯಾರ ಮನೆಯ ಸೊಸೆಗೆ ಎಷ್ಟು ವರ್ಷಕ್ಕೆ ಆಯಿತು, ಹೀಗೆ. ನಾನು ಬಡಿಸುತ್ತಿದ್ದೆ. ಆಗ ನಿನ್ನ ಫೋನ್ ಬಂತು. ಅವರ ಮಾತು ನಿಂತಿತು.

ಮಳೆ ಹಿಡಿದಿದೆ. ನೀನು ಆರೋಗ್ಯ ನೋಡಿಕೋ.

ರಕ್ಷಾ

*

ಆಲ್ದೂರು
18 ಆಗಸ್ಟ್ 2004

ರಕ್ಷಾ,

ಮೋಹಿತ್‌ಗೆ ಚಿಕ್ಕಮಗಳೂರಿನ ಹುಡುಗಿ ನಿಶ್ಚಯವಾದದ್ದು ತಿಳಿಯಿತು. ಲಗ್ನಪತ್ರಿಕೆ ನಮ್ಮ ಅಂಗಡಿಗೂ ಕೊಟ್ಟು ಹೋದರು. ಅಪ್ಪ ಅದನ್ನು ತೆಗೆದುಕೊಂಡು ಕಾಫಿ ತರಿಸಿದರು.

ಬೂತಿನಲ್ಲಿ ಈಗ ನಾನು ಕೂರುವುದಿಲ್ಲ. "ಅವ್ಳು ಒಳಗೆ ಬಿದ್ಗಿದ್ರೆ ಬಾಗಿಲು ಒಡೆಯೋರ್ಯಾರು?" ಎಂದು ಯಾರೋ ತಮಾಷೆ ಮಾಡಿದರು. ಗಿರಾಕಿಗಳು ಬಿಲ್ ಕೊಡುವಾಗ ನನ್ನ ಕೈ ತಾಗದ ಹಾಗೆ ದುಡ್ಡನ್ನು ಮೇಜಿನ ಮೇಲೆ ಇಡತೊಡಗಿದರು. ಇದು ತಾಗಿದರೆ ಬರುವ ಕಾಯಿಲೆ ಅಲ್ಲ ಎಂದು ಎಷ್ಟು ಜನಕ್ಕೆ ಹೇಳಲಿ? ಕೊನೆಗೆ ಅಪ್ಪನೇ ನನ್ನನ್ನು ಒಳಗಿರು ಎಂದರು. ತಂಗಿಯನ್ನು ಕೂರಿಸಿದ್ದಾರೆ. ತಂಗಿಯನ್ನು ನೋಡಲು ಬಂದ ಒಬ್ಬರು, "ಇವಳಿಗೂ ಇದೆಯಾ?" ಎಂದು ಕೇಳಿ ಹೋದರು. ಅವತ್ತಿನಿಂದ ಅವಳು ನನ್ನ ಹತ್ತಿರ ಮಾತಾಡುತ್ತಿಲ್ಲ.

ನಿನ್ನ ಅತ್ತೆ ಕಾಗದ ಒಡೆಯುವುದಿಲ್ಲ ಎಂಬುದನ್ನು ಓದಿದೆ. ಕಾಗದಕ್ಕೆ ಮರ್ಯಾದೆ ಕೊಡುವುದನ್ನು ಕಲಿಯಲು ಆ ಮನೆಗೆ ಮೂರು ತಲೆಮಾರು ಹಿಡಿದಿರಬೇಕು. ಮೊಬೈಲ್ ಮೊನ್ನೆ ಬಂದಿದೆ. ಅವರು ಕಲಿಯುವವರೆಗೆ ನಾನು ಇರುವುದಿಲ್ಲ.

ನೀನು ಹೇಳದೆ ಬಿಟ್ಟದ್ದೂ ತಿಳಿಯಿತು. ಅವರ ಬಾಯಿಗೆ ನಿನ್ನ ಬದಲು ಬೇರೆ ಯಾರಾದರೂ ಸಿಕ್ಕರೆ ಸಾಕಾಗಿತ್ತು. ಸಿಕ್ಕವಳು ನಾನು.

ಸೌಂದರ್ಯ

*

ವಸ್ತಾರೆ
21 ನವೆಂಬರ್ 2004

ಸೌಂದು,

ನಿನಗೆ ಬರೆಯಲು ನನಗೆ ಮುಖವಿಲ್ಲ. ಆದರೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ಇವರಿಗೆ ಇನ್ನೊಂದು ಮದುವೆ ಮಾಡುವ ಮಾತು ನಡೆಯುತ್ತಿದೆ. ನನ್ನೆದುರಿಗೇ, ನಾನು ಬಡಿಸುವಾಗಲೇ. "ಬಂಜೆ ಹಸುವನ್ನ ಎಷ್ಟು ವರ್ಷ ಅಂತ ಸಾಕೋದು" ಎಂದು ಅತ್ತೆ ಮೊನ್ನೆ ಅಂದರು, ಹಸುವಿನ ಮಾತೇ ಎನ್ನುವ ಹಾಗೆ. ಇವರು ತಲೆ ತಗ್ಗಿಸಿ ಉಂಡರು.

ಸೌಂದು, ದೋಷ ನನ್ನದಲ್ಲ. ನಾವು ಮಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿ ಒಂದು ವರ್ಷವಾಯಿತು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಇವರಿಂದ ಮಕ್ಕಳಾಗುವುದಿಲ್ಲ. ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಇವರು ಜೀಪು ನಿಲ್ಲಿಸಿ ರಿಪೋರ್ಟನ್ನು ಹರಿದು ಕೆಳಗೆ ಎಸೆದರು. "ಬಾಯಿ ಬಿಟ್ರೆ ನಿನ್ನನ್ನೂ ಇಲ್ಲೇ ಎಸೀತೀನಿ" ಎಂದರು. ನಾನು ಬಾಯಿ ಬಿಟ್ಟಿಲ್ಲ. ನಾನು ಹೇಳಿದರೂ ನಂಬುವವರಿಲ್ಲ. ಎದುರಿಗೆ ನಿಂತು ಹೇಳಿದ್ದನ್ನು ಈ ಮನೆಯಲ್ಲಿ ಯಾರೂ ನಂಬುವುದಿಲ್ಲ. ಕದ್ದು ಕೇಳಿಸಿಕೊಂಡದ್ದನ್ನು ಎಲ್ಲರೂ ನಂಬುತ್ತಾರೆ.

ಅದಕ್ಕೇ ಕೇಳುತ್ತಿದ್ದೇನೆ. ಬರುವ ತಿಂಗಳು ಮೊದಲ ಭಾನುವಾರ ಎಲ್ಲರೂ ಇಲ್ಲಿ ಊಟಕ್ಕೆ ಸೇರುತ್ತಾರೆ, ಇವರಿಗೆ ನೋಡಿರುವ ಹುಡುಗಿಯ ಕಡೆಯವರಿಗೆ ಏನು ಹೇಳಬೇಕೆಂದು ತೀರ್ಮಾನಿಸಲು. ಆ ಹೊತ್ತಿಗೆ ನೀನು ಫೋನ್ ಮಾಡು. ಕಿಟಕಿಯಲ್ಲಿ ಸ್ಪೀಕರ್ ಹಾಕಿರುತ್ತದೆ. ನನ್ನೊಬ್ಬಳಿಗೇ ಹೇಳುವ ಹಾಗೆ ಹೇಳು: ಮಂಗಳೂರಿನ ಡಾಕ್ಟರು ರಂಗನಾಥರ ಬಗ್ಗೆ ಹೇಳಿದ್ದನ್ನು ಇನ್ನೂ ಅತ್ತೆಗೆ ಹೇಳಿಲ್ಲವಾ, ಎಷ್ಟು ದಿನ ನೀನೇ ಹೊತ್ತುಕೊಂಡಿರುತ್ತೀಯ ಅಂತ. ಅಷ್ಟು ಸಾಕು.

ನಿನ್ನನ್ನು ಕೆಡಿಸಿದ್ದೂ ಅದೇ ಫೋನು ಎಂದು ಗೊತ್ತು. ನನ್ನನ್ನು ಉಳಿಸಬಹುದಾದ್ದೂ ಅದೊಂದೇ.

ಕಾಲು ಹಿಡಿಯುತ್ತೇನೆ.

ರಕ್ಷಾ

*

ಆಲ್ದೂರು
7 ಡಿಸೆಂಬರ್ 2004

ರಕ್ಷಾ,

ನೀನು ಹೇಳಿದ ದಿನ, ಹೇಳಿದ ಹೊತ್ತಿಗೆ ಫೋನ್ ಮಾಡಿದೆನಲ್ಲ. ಕುರ್ಚಿಯಿಂದ ತಂಗಿಯನ್ನು ಎಬ್ಬಿಸಿ ಬೂತಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದೆ. ಹೇಳಬೇಕೆಂದೇ ನಂಬರ್ ಒತ್ತಿದ್ದು. ನಂಬಿದರೆ ನಂಬು.

ನೀನು ಎತ್ತಿದೆ. ಅದೇ ಬಾವಿಯೊಳಗಿನ ದನಿ. ನನಗೆ ಅಭ್ಯಾಸ, ಕೇಳಿಬಿಟ್ಟೆ: "ಹತ್ರ ಯಾರಾದ್ರೂ ಇದಾರಾ?"

"ಯಾರೂ ಇಲ್ಲ, ಹೇಳೇ" ಎಂದೆ ನೀನು.

ಎಷ್ಟು ಸಲೀಸಾಗಿ ಹೇಳಿದೆ! ನೀನು ಹಾಗೆ ಹೇಳಲೇಬೇಕಿತ್ತು, ಹೇಳದಿದ್ದರೆ ನಿನ್ನ ಉಪಾಯವೇ ಕೆಡುತ್ತಿತ್ತು, ನನಗೆ ಗೊತ್ತು. ಆದರೂ ನೀನು ಫೆಬ್ರವರಿಯಲ್ಲಿ ಯಾವ ದನಿಯಲ್ಲಿ ಹೇಳಿದ್ದೆಯೋ ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಹಾಗೇ ಹೇಳಿದೆ. ಅವತ್ತು ನಿನ್ನ ನಾಲಿಗೆ ಸ್ವಲ್ಪವಾದರೂ ತಡವರಿಸಿತ್ತು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಇಲ್ಲ, ತಡವರಿಸಿರಲಿಲ್ಲ.

ಆಮೇಲೆ ನಾನು ಏನು ಹೇಳಿದೆನೋ ಅದನ್ನು ನೀವೆಲ್ಲ ಕೇಳಿದ್ದೀರಿ. "ಸ್ಪೀಕರ್ ಹಾಕಿದೀಯ ಅಂತ ಗೊತ್ತು ರಕ್ಷಾ. ವಿಮಲಮ್ಮೋರಿಗೆ, ಸಾವಿತ್ರಮ್ಮೋರಿಗೆ ನನ್ನ ನಮಸ್ಕಾರ ಹೇಳು. ಊಟದ ಹೊತ್ತಿಗೆ ಫೋನ್ ಮಾಡಿ ತೊಂದ್ರೆ ಕೊಟ್ಟೆ, ದೊಡ್ಡೋರು ತಪ್ಪು ತಿಳ್ಕೋಬಾರ್ದು." ಇಟ್ಟೆ.

ಫೋನಿನಲ್ಲಿ ಹೇಗೆ ನಡೆದುಕೊಳ್ಳಬೇಕೋ ಹಾಗೆ ನಡೆದುಕೊಂಡೆ. ಇನ್ನೊಬ್ಬರ ಮನೆಯ ಗುಟ್ಟನ್ನು ಹತ್ತು ಜನರ ಎಲೆಯ ಮುಂದೆ ಬಡಿಸಲಿಲ್ಲ.

ಹೊರಗೆ ಬಂದಾಗ ಮನಸ್ಸು ಹಗುರವಾಗಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಸೌಂದರ್ಯ

*

ಜಾವಳಿ
14 ಮಾರ್ಚ್ 2005

ಸೌಂದರ್ಯ,

ನಾನೀಗ ಅಮ್ಮನ ಮನೆಯಲ್ಲಿದ್ದೇನೆ. ಸ್ವಲ್ಪ ದಿನ ಇದ್ದು ಬಾ ಎಂದು ಕಳಿಸಿದರು. ಹಿಂದೆಯೇ ನನ್ನ ಸೀರೆಗಳೆಲ್ಲ ಜೀಪಿನಲ್ಲಿ ಬಂದವು. ಆಗ ತಿಳಿಯಿತು.

ನೀನು ಫೋನ್ ಇಟ್ಟ ಮೇಲೆ ಅತ್ತೆ ಮೊಬೈಲಿನ ಕಡೆ ನೋಡಿ ತಲೆದೂಗಿದರು. "ನೋಡು, ಆ ಹುಡ್ಗಿಗೆ ಎಷ್ಟು ಸಂಸ್ಕಾರ. ನಿನ್ನ ಜತೆ ಓದಿದವಳೇ ಅಲ್ವಾ?" ಎಂದರು. ಇವರು ನನ್ನ ಮುಖ ನೋಡಿದರು. ನಾನು ಯಾವ ಮಾತಿಗೆ ಕಾಯುತ್ತಿದ್ದೆನೆಂದು ಅವರಿಗೊಬ್ಬರಿಗೆ ಅರ್ಥವಾಯಿತು. ಎಲ್ಲರೂ ಹೋದ ಮೇಲೆ ಕಾಫಿ ಗೋಡೌನಿಗೆ ಕರೆದುಕೊಂಡು ಹೋದರು. ಅಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಎಡಗಿವಿ ಕೇಳುವುದಿಲ್ಲ. ಮೂಡಿಗೆರೆಯ ಡಾಕ್ಟರು ಪೊರೆ ಹರಿದಿದೆ ಎಂದರು. ಜಾರಿ ಬಿದ್ದೆ ಎಂದು ಹೇಳಿದ್ದೇನೆ.

ಹಿರಿಯರು ಕೂತು ಮಾತಾಡಿದರು. ಕೋರ್ಟಿನ ಕಾಗದಕ್ಕೆ ಸಹಿ ಹಾಕಿದ್ದೇನೆ. ಇಬ್ಬರೂ ಒಪ್ಪಿ ಬೇರೆಯಾಗುವುದು ಎಂದು ಅದರಲ್ಲಿ ಬರೆದಿದೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದು ಕೂತೆ. ಬರೆಯಲಾಗುತ್ತಿಲ್ಲ. ನಾನು ಹೆದರಿ ಮಾಡಿದೆ ಸೌಂದರ್ಯ. ನೀನು ಹೆದರಿಕೆಯಿಲ್ಲದೆ ಮಾಡಿದೆ.

ಇನ್ನು ಬರೆಯಬೇಡ.

ರಕ್ಷಾ

*

ವಸ್ತಾರೆ
20 ನವೆಂಬರ್ 2005

ಆಲ್ದೂರಿನ ಚನ್ನಕೇಶವ ಅವರಿಗೆ ವಿಮಲಮ್ಮ ಮಾಡುವ ನಮಸ್ಕಾರಗಳು.

ಇಂಥ ವಿಷಯವನ್ನು ಫೋನಿನಲ್ಲಿ ಮಾತಾಡುವುದು ಚೆನ್ನಲ್ಲವೆಂದು ಕಾಗದ ಬರೆಯುತ್ತಿದ್ದೇನೆ.

ನಮ್ಮ ರಂಗನಾಥನ ಮೊದಲ ಸಂಬಂಧ ಕೋರ್ಟಿನಲ್ಲಿ ತೀರ್ಮಾನವಾಗಿ ಮುಗಿದದ್ದು ತಮಗೆ ತಿಳಿದಿರಬಹುದು. ಆಗ ಮಾತಾಡಿದ್ದ ಕಡೆಯವರು ಈಗ ಹಿಂದೆ ಸರಿದಿದ್ದಾರೆ. ನನಗೆ ನಿಮ್ಮ ದೊಡ್ಡ ಮಗಳು ಸೌಂದರ್ಯಳನ್ನು ತಂದುಕೊಳ್ಳುವ ಮನಸ್ಸಾಗಿದೆ. ಹೋದ ವರ್ಷ ಒಂದು ದಿನ ಅವಳು ಫೋನಿನಲ್ಲಿ ಹಿರಿಯರಿಗೆಲ್ಲ ನಮಸ್ಕಾರ ಹೇಳಿ, ಊಟದ ಹೊತ್ತಿಗೆ ಮಾಡಿದ್ದು ತಪ್ಪಾಯಿತೆಂದು ಕೇಳಿಕೊಂಡು ಇಟ್ಟದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. ಈ ಕಾಲದ ಹುಡುಗಿಯರಲ್ಲಿ ಅಂಥ ನಡತೆ ಎಲ್ಲಿದೆ?

ಅವಳ ಆರೋಗ್ಯದ ವಿಚಾರ ನಮಗೆ ಮೊದಲೇ ತಿಳಿದಿರುವುದರಿಂದ ನೀವು ಸಂಕೋಚಪಡಬೇಕಾಗಿಲ್ಲ. ಎರಡನೆಯ ಸಂಬಂಧವೆಂದ ಮೇಲೆ ಎಲ್ಲವನ್ನೂ ನೋಡುತ್ತ ಕೂರಲಾಗುವುದಿಲ್ಲ. ಕೊಡುವುದು ತೆಗೆದುಕೊಳ್ಳುವುದು ಏನೂ ಬೇಡ. ನಿಮ್ಮ ಚಿಕ್ಕ ಮಗಳಿಗೂ ನಮ್ಮ ನೆಂಟರಲ್ಲೇ ಒಬ್ಬ ಹುಡುಗನಿದ್ದಾನೆ, ದೊಡ್ಡವಳದು ಆದರೆ ಅದೂ ತಾನಾಗಿ ಆಗುತ್ತದೆ.

ತಮ್ಮ ಉತ್ತರವನ್ನು ಕಾಗದದಲ್ಲೇ ತಿಳಿಸಿದರೆ ಸಂತೋಷ.

ಇತಿ,
ವಿಮಲಮ್ಮ

*

ಆಲ್ದೂರು
16 ಜನವರಿ 2006

ರಕ್ಷಾ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ. ಓದದೆ ಒಲೆಗೆ ಹಾಕಿದರೂ ಸರಿಯೇ.

ವಿಮಲಮ್ಮನವರು ಅಪ್ಪನಿಗೆ ಬರೆದದ್ದು ನಿಮ್ಮೂರಿಗೂ ಮುಟ್ಟಿರಬಹುದು. ಆ ಕಾಗದ ಬಂದ ದಿನ ಅಪ್ಪ ಎಷ್ಟೋ ತಿಂಗಳ ನಂತರ ಅಂಗಡಿಯಲ್ಲಿ ಜೋರಾಗಿ ನಕ್ಕದ್ದು ಕೇಳಿಸಿತು. ನಾನು ಆಗುವುದಿಲ್ಲ ಎಂದೆ. ಅಮ್ಮ ಊಟ ಬಿಟ್ಟಳು. ತಂಗಿ ಒಂದೂವರೆ ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಬಂದು ಕೂತು, "ಅಕ್ಕಾ, ನಿಂಗೊಬ್ಳಿಗೇ ಅಲ್ಲ ಈ ಸಂಬಂಧ, ನಂಗೂ" ಎಂದಳು.

ಕೊನೆಗೆ ನೀನು ನನ್ನಿಂದ ಹೇಳಿಸಬೇಕೆಂದಿದ್ದ ಮಾತನ್ನು ಅಪ್ಪನಿಗೆ ಹೇಳಿದೆ. ಮಂಗಳೂರು, ಡಾಕ್ಟರು, ಘಾಟಿಯಲ್ಲಿ ಎಸೆದದ್ದು, ನಿನ್ನ ಕಿವಿ, ಎಲ್ಲ. ಇದನ್ನು ಕೇಳಿದ ಮೇಲೂ ಕೊಡುತ್ತಾರಾ ಎಂದುಕೊಂಡಿದ್ದೆ. ಅಪ್ಪ ನನ್ನ ತಲೆ ಸವರಿ ಹೇಳಿದರು: "ಮಕ್ಕಳಾಗಲ್ಲ ಅಂದ್ರೆ ನಿಂಗೆ ಒಳ್ಳೇದೇ ಆಯ್ತಲ್ಲ ಮಗಾ. ಬಸುರಿ ಆದ್ರೆ ಫಿಟ್ಸ್ ಮತ್ತೆ ಬರಬಹುದು ಅಂತ ಅಮ್ಮ ಹೆದರ್ತಿದ್ಳು. ಅವ್ರಿಗೆ ನಿನ್ನ ವಿಷ್ಯ ಗೊತ್ತು, ನಮ್ಗೆ ಅವನ ವಿಷ್ಯ ಗೊತ್ತು. ಇನ್ನು ಮುಚ್ಚಿಡೋದೇನಿದೆ?"

ಹೊಡೆದದ್ದರ ಮಾತನ್ನು ಅಪ್ಪ ಎತ್ತಲೇ ಇಲ್ಲ. ನಾನೇ ಮತ್ತೊಮ್ಮೆ ಎತ್ತಿದಾಗ, "ಅವ್ಳು ಜಾರಿ ಬಿದ್ದೆ ಅಂತ ಹೇಳಿದಾಳೆ" ಎಂದರು.

ಮೊನ್ನೆ ನಿಶ್ಚಯವಾಯಿತು. ವಿಮಲಮ್ಮನವರು ನನ್ನ ಗಲ್ಲ ಹಿಡಿದು, ಬರುವ ವರ್ಷ ಈ ಹೊತ್ತಿಗೆ ತೊಟ್ಟಿಲು ತೂಗಬೇಕು ಎಂದರು. ಅವರ ಮಗ ಪಕ್ಕದಲ್ಲೇ ನಿಂತು ನನ್ನನ್ನು ನೋಡುತ್ತಿದ್ದರು. ನನಗೆ ಏನೇನು ಗೊತ್ತಿದೆ ಎಂದು ಅಳೆಯುತ್ತಿದ್ದರು. ನಾನು ತಲೆ ತಗ್ಗಿಸಿದೆ.

ಅವರು ನನಗೊಂದು ಹೊಸ ಮೊಬೈಲ್ ಕೊಟ್ಟಿದ್ದಾರೆ. ಸಿಮ್ ಅವರ ಹೆಸರಿನಲ್ಲಿದೆ. ಯಾವ ನಂಬರಿಗೆ ಎಷ್ಟು ಹೊತ್ತು ಮಾತಾಡಿದ್ದೆಂಬುದು ಬಿಲ್ಲಿನಲ್ಲಿ ಅವರ ಮನೆಗೆ ಹೋಗುತ್ತದೆ. ಅಮ್ಮನಿಗೆ ಅದನ್ನು ಹಿಡಿದುಕೊಳ್ಳುವುದೇ ಸಂಭ್ರಮ. ಅಕ್ಕಪಕ್ಕದವರಿಗೆಲ್ಲ ತೋರಿಸಿ ಬಂದಳು.

ನಿನ್ನನ್ನು ಮದುವೆಗೆ ಕರೆಯುವ ಹಾಗಿಲ್ಲ. ಕ್ಷಮಿಸು ಎಂದು ಕೇಳುವ ಹಾಗೂ ಇಲ್ಲ, ನೀನೂ ನನ್ನನ್ನು ಕೇಳಿಲ್ಲ. ಒಂದೇ ಒಂದು ಸಂಗತಿ ತಿಳಿಸು, ಆ ಮನೆಯಲ್ಲಿ ಇದ್ದು ಬಂದವಳು ನೀನೊಬ್ಬಳೇ. ಆ ಊಟದ ಮನೆಯಿಂದ ಎಲ್ಲರೂ ಎದ್ದು ಹೋಗುವ ಹೊತ್ತು ಯಾವುದು? ನನಗೆ ಆಗಾಗ ಅಮ್ಮನ ಹತ್ತಿರ ಮಾತಾಡಬೇಕಾಗುತ್ತದೆ.

ಸೌಂದರ್ಯ